ರಸ್ತೆಯ ಕೆಳಗಿನ ಸಪ್ಪಳದ ವಿಷಯವಾಗಿ ಎಂಜಿನಿಯರ್ ಸಾಹೇಬರಿಗೆ

ಮಾನ್ಯರೇ,

ನಮ್ಮ ಓಣಿಯ ನಲ್ಲಿಗಳಲ್ಲಿ ಯಾವ ದಿನ ನೀರು ಬರಬೇಕು, ಯಾವ ದಿನ ಬರೀ ಗಾಳಿ ಬರಬೇಕು ಎಂಬುದನ್ನು ಕುರ್ಚಿಯಿಂದ ಏಳದೆಯೇ ನಿರ್ಧರಿಸಬಲ್ಲ ತಮಗೆ, ಭಾಲ್ಕಿಯ ಕಚೇರಿಯೊಂದರ ದಫ್ತರಖಾನೆಯಲ್ಲಿ ಹಳೆಯ ಕಡತಗಳನ್ನು ಕಾಯುವ ಶಾಲುಬಾಯಿ ಎಂಬ ನಾನು ಎರಡೂ ಕೈ ಜೋಡಿಸಿ ನಮಸ್ಕರಿಸುತ್ತೇನೆ. ತಾವು ಕ್ಷೇಮವಾಗಿದ್ದೀರೆಂದು ಬಲ್ಲೆ. ಹೋದ ವಾರದ ಪತ್ರಿಕೆಯಲ್ಲಿ ಹಾರ ಹಾಕಿಸಿಕೊಂಡ ತಮ್ಮ ಭಾವಚಿತ್ರವನ್ನು ಕಣ್ತುಂಬ ನೋಡಿದ್ದೇನೆ. ಬರಗಾಲದಲ್ಲಿ ಎಂಟು ತಿಂಗಳಿಂದ ಸೋರುತ್ತಿದ್ದ ಪೈಪನ್ನು ತಾವು "ವೈಜ್ಞಾನಿಕ ವಿಧಾನದಿಂದ" ಪತ್ತೆ ಹಚ್ಚಿದಿರಿ ಎಂದು ಅದರ ಕೆಳಗೆ ಅಚ್ಚಾಗಿತ್ತು. ಆ ವೈಜ್ಞಾನಿಕ ವಿಧಾನಕ್ಕೆ ಈಗ ನಲವತ್ತೆಂಟು ವರ್ಷ ವಯಸ್ಸು, ಎಡಗಾಲಿನ ಮಂಡಿ ನೋಯುತ್ತದೆ, ಮತ್ತು ಈ ಪತ್ರವನ್ನು ಬರೆಯುತ್ತಿರುವುದು ಅದೇ. ಇದಕ್ಕೂ ಮೊದಲು ತಮಗೊಬ್ಬರಿಗೇ ಬರೆದ ನಾಲ್ಕು ಅರ್ಜಿಗಳನ್ನು ಓದಲು ತಮಗೆ ಬಿಡುವು ಸಿಗಲಿಲ್ಲವಾದ್ದರಿಂದ, ತಮ್ಮ ಭಾರ ಕಡಿಮೆಯಾಗಲೆಂದು ಐದನೆಯದನ್ನು ಊರವರೆಲ್ಲ ಓದುವಂತೆ ಬರೆದಿದ್ದೇನೆ.

ಮೊದಲು ನನ್ನ ಕಾಯಿಲೆಯ ಸಂಗತಿ, ಏಕೆಂದರೆ ತಾವು ಅದರಲ್ಲಿ ವಿಶೇಷ ಆಸಕ್ತಿ ತೋರಿಸಿದ್ದೀರಿ. ನನಗೆ ಸಣ್ಣ ಸಪ್ಪಳಗಳನ್ನು ತಡೆದುಕೊಳ್ಳಲಾಗುವುದಿಲ್ಲ. ಮದುವೆಯ ಬ್ಯಾಂಡು ಬಂದರೆ ಬಾಗಿಲು ಹಾಕಿಕೊಳ್ಳುತ್ತೇನೆ, ಅದು ಮುಂದಕ್ಕೆ ಹೋಗುತ್ತದೆ; ಆದರೆ ಪಕ್ಕದಲ್ಲಿ ಕೂತವರು ಕಟಕ ರೊಟ್ಟಿ ಕಡಿಯುವುದು, ಸ್ಟೀಲ್ ತಾಟಿನ ಮೇಲೆ ಚಮಚ ಎಳೆಯುವುದು, ಯಾರದೋ ಮೂಗಿನಲ್ಲಿ ಸೀಟಿಯಂತೆ ಬರುವ ಉಸಿರು, ಇವು ನನ್ನ ಹಲ್ಲಿನ ಬೇರಿಗೇ ಸೂಜಿಯಂತೆ ಇಳಿಯುತ್ತವೆ. ಎದೆ ಹೊಡೆದುಕೊಳ್ಳುತ್ತದೆ. ಎದುರಿಗಿರುವವರು ಎಷ್ಟೇ ಬೇಕಾದವರಿರಲಿ, ಅವರ ತಾಟು ಕಸಿದು ಎಸೆಯುವಷ್ಟು ಸಿಟ್ಟು ಬರುತ್ತದೆ, ಆಮೇಲೆ ಆ ಸಿಟ್ಟಿಗಾಗಿ ನಾಚಿಕೆಯೂ ಆಗುತ್ತದೆ. ಔರಾದ ತಾಲೂಕಿನ ಠಾಣಾ ಕುಶನೂರಿನಲ್ಲಿ ನಮ್ಮವ್ವ ಅಂಜನಾಬಾಯಿ, ನಾನು ಏಳು ವರ್ಷದವಳಿದ್ದಾಗಿನಿಂದ ನನ್ನ ತಾಟನ್ನು ಹಿತ್ತಲಲ್ಲಿ ಬೇರೆಯೇ ಇಡುತ್ತಿದ್ದಳು. ಬಂದ ನೆಂಟರು ಇದನ್ನು ಸೊಕ್ಕು ಎಂದು ಕರೆದು ಹೋಗುತ್ತಿದ್ದರು.

ಮುಂದೆ ನನ್ನನ್ನು ಭಾತಂಬ್ರಾದ ಏಕನಾಥ ಎಂಬವರಿಗೆ ಕೊಟ್ಟರು. ಕೆಟ್ಟವರಲ್ಲ, ಚಹಾವನ್ನು ಬಸಿಗೆ ಸುರಿದು, ಕಣ್ಣು ಮುಚ್ಚಿ, ಇಡೀ ಓಣಿಗೆ ಕೇಳುವಂತೆ ಹೀರುವುದೊಂದು ಅವರಿಗಿದ್ದ ಸುಖ. ಎಂಟು ತಿಂಗಳು ಸೆರಗಿನ ತುದಿಯನ್ನು ಕಿವಿಗೆ ತುರುಕಿಕೊಂಡು ಬಾಳಿದೆ. ಒಂದು ಮುಂಜಾನೆ ಅವರು ಬಸಿ ಕೆಳಗಿಟ್ಟು ಕೇಳಿದರು.

"ನಾ ನನ್ನ ಮನ್ಯಾಗ ಚಹಾ ಕುಡೀಬೇಕೋ ಬ್ಯಾಡೋ?"

"ಕುಡೀರಿ. ನಿಮ್ದು ಮುಗಿಯೋತನ ನಾ ಓಣ್ಯಾಗ ನಿಂದರ್ತೇನಿ."

"ದಿನಾ ಹೊರಗ ನಿಂತ್ರ ಮಂದಿ ಏನಂತಾರ?"

"ಚಹಾ ಕುಡೀಲತ್ತಾರ ಅಂತಾರ್ರಿ."

ಅದೇ ವಾರ ನನ್ನನ್ನು ತವರಿಗೆ ಕಳಿಸಿದರು. ಅವರ ಎರಡನೆಯ ಹೆಂಡತಿಗೆ ಚಹಾದ ಸಪ್ಪಳ ಕೇಳಿಸುವುದೇ ಇಲ್ಲವಂತೆ, ಇಬ್ಬರೂ ಚೆನ್ನಾಗಿರಲಿ. ನಾನು ಓದಿದೆ, ಪರೀಕ್ಷೆ ಬರೆದೆ, ಧೂಳು ಬಿಟ್ಟರೆ ಬೇರೇನೂ ಮಾತಾಡದ ದಫ್ತರಖಾನೆಯನ್ನು ಕೇಳಿ ಪಡೆದೆ. ಇದಿಷ್ಟನ್ನೂ ತಮಗೆ ಹೇಳುತ್ತಿರುವುದು ಕರುಣೆಗಾಗಿ ಅಲ್ಲ. ನಾನು ಸಪ್ಪಳವನ್ನು ಹುಡುಕಿಕೊಂಡು ಹೋಗುವವಳಲ್ಲ, ಅದರಿಂದ ಓಡಿ ಓಡಿ ಸಾಕಾದವಳು ಎಂಬುದು ತಮ್ಮ ಗಮನಕ್ಕೆ ಬರಲಿ ಎಂದು.

ನಮ್ಮ ಓಣಿ ಪೈಪಿನ ಕೊನೆಯಲ್ಲಿದೆ. ಪಕ್ಕದ ಮನೆಯಲ್ಲಿ ಧೊಂಡಿಬಾ, ಅವನ ಹೆಂಡತಿ ಕಾಂತಾಬಾಯಿ ಮತ್ತು ಮಕ್ಕಳು ಇದ್ದರು, ಅಂಗಳದಲ್ಲಿ ಇಪ್ಪತ್ತು ಕುರಿ. ಜಗತ್ತಿನಲ್ಲಿ ನನ್ನ ಕಿವಿಗೆ ಮರ್ಯಾದೆ ಕೊಟ್ಟ ಮೊದಲ ವ್ಯಕ್ತಿಯೆಂದರೆ ಈ ಕಾಂತಾಬಾಯಿ. ಖಾರ ಕುಟ್ಟುವ ಒರಳಿನ ಕೆಳಗೆ ಗೋಣಿಚೀಲ ಮಡಚಿ ಹಾಕುತ್ತಿದ್ದಳು, ನಾನು ಕಟ್ಟೆಯ ಮೇಲಿದ್ದರೆ ರೊಟ್ಟಿಯನ್ನು ಸಾರಿನಲ್ಲಿ ನೆನೆಸಿ ಮೆತ್ತಗೆ ಮಾಡಿ ತಿನ್ನುತ್ತಿದ್ದಳು. ಕುರಿಗಳಿಗೆ ಮಾತ್ರ ಹೇಳಲಾಗುತ್ತಿರಲಿಲ್ಲ. ಅವು ಮೆಲುಕು ಹಾಕುವಾಗ ನಾನೇ ಒಳಗೆ ಹೋಗುತ್ತಿದ್ದೆ.

ಮಳೆ ಎರಡು ವರ್ಷ ಕೈಕೊಟ್ಟಿತು. ನಲ್ಲಿ ನಾಲ್ಕು ದಿನಕ್ಕೊಮ್ಮೆ, ಎಂಟು ದಿನಕ್ಕೊಮ್ಮೆ, ಆಮೇಲೆ ಹನ್ನೆರಡು ದಿನಕ್ಕೊಮ್ಮೆಯಾಯಿತು. ಪೈಪಿನ ತುದಿಯ ನಮಗೆ ಆ ಹನ್ನೆರಡನೆಯ ದಿನವೂ ಕೆಮ್ಮಿದಂತೆ ಎರಡು ಕೊಡ ಬಂದು ನಿಲ್ಲುತ್ತಿತ್ತು. ಅತ್ತ ಲಾತೂರಿಗೆ ರೈಲಿನಲ್ಲಿ ನೀರು ಹೋಗುತ್ತಿದೆ ಎಂದು ಜನ ಬೆರಗಾಗಿ ಮಾತಾಡುತ್ತಿದ್ದ ದಿನಗಳು. ಓಣಿಯ ಮನೆಗಳಿಗೆ ಒಂದೊಂದೇ ಬೀಗ ಬಿತ್ತು. ಕೆಲವರು ಬೀದರಿನ ಕೊಳಾರದ ಕಾರ್ಖಾನೆಗಳಿಗೆ, ಹೆಚ್ಚಿನವರು ಪುಣೆಗೆ, ಹೈದರಾಬಾದಿಗೆ ಹೋದರು. ಬೀಸಲು ಕಾಳು ತರುವವರಿಲ್ಲದೆ ಹಿಟ್ಟಿನ ಗಿರಣಿಯೂ ಮುಚ್ಚಿತು.

ಗಿರಣಿ ನಿಂತ ಮೇಲೆಯೇ ನನಗೆ ಅದು ಕೇಳಿಸಿದ್ದು. ನೀರು ಬಿಟ್ಟ ದಿನ ಬೆಳಿಗ್ಗೆ, ಗಿರಣಿಯ ಮುಂದಿನ ರಸ್ತೆಯ ಕೆಳಗೆ, ಹಲ್ಲಿನ ಸಂದಿಯಿಂದ ಗಾಳಿ ಎಳೆದುಕೊಂಡಂತೆ ಒಂದೇ ಸಮನೆ, ನಿಲ್ಲದ ಸಪ್ಪಳ. ನಡೆಯುತ್ತಿದ್ದವಳು ದವಡೆ ಹಿಡಿದುಕೊಂಡು ನಿಂತೆ. ಕಾಂತಾಬಾಯಿಯನ್ನು ಕರೆದು ತೋರಿಸಿದೆ. ಅವಳು ರಸ್ತೆಯ ಮೇಲೆ ಮಲಗಿ ಕಿವಿ ಹಚ್ಚಿದಳು. ನೆಲದ ಮೇಲೆ ಹನಿ ತೇವವೂ ಇರಲಿಲ್ಲ.

"ನನಗಂತೂ ಏನೂ ಕೇಳಸವಲ್ದು ಅಕ್ಕಾ," ಎಂದು ಎದ್ದು ಸೆರಗು ಕೊಡವಿದಳು. "ಆದ್ರ ನೀ ಅದ ಅಂದ್ರ ಅದ. ನಾ ಒಳಗ ಕುಂತು ಜೀರಗಿ ಕುಟ್ಟಿದ್ರ ನಿನಗ ತಿಳೀತದ, ನೀರು ತಿಳ್ಯಂಗಿಲ್ಲೇನು? ಹೋಗಿ ಸಾಹೇಬ್ರಿಗಿ ಹೇಳು."

ಹಾಗೆ ತಮ್ಮ ದರ್ಶನಕ್ಕೆ ಬಂದೆ. ತಾವು ಬಾಲ್‌ಪೆನ್ನಿನ ತುದಿಯನ್ನು ಟಕ್ ಟಕ್ ಎಂದು ಒತ್ತುತ್ತಾ ನನ್ನ ಮಾತು ಕೇಳಿದಿರಿ. ಅದನ್ನು ನಿಲ್ಲಿಸಲು ಸಾಧ್ಯವೇ ಎಂದು ನಾನು ವಿನಯದಿಂದ ಕೇಳಿದಾಗ, ಇನ್ನಷ್ಟು ಬೇಗ ಬೇಗ ಒತ್ತಿದಿರಿ. ಆಮೇಲೆ ಹೊರಗಿನವರನ್ನು ಕೂಗಿದಿರಿ: "ಬರ್ರೋ ಎಲ್ಲಾರೂ, ನಮ್ಮ ಆಫೀಸಿಗಿ ಹೊಸಾ ಮಷೀನ್ ಬಂದದ!" ನನ್ನನ್ನು ಗೋಡೆಯ ಕಡೆ ತಿರುಗಿ ನಿಲ್ಲುವಂತೆ ಹೇಳಿ ಏನನ್ನೋ ಕೆಳಗೆ ಹಾಕಿದಿರಿ.

"ಏನ್ ಬಿತ್ತು ಹೇಳ್ರಿ ಬಾಯಿ."

"ಗುಂಡುಪಿನ್ನು."

"ಎಷ್ಟು?"

"ಎರಡು. ಎರಡನೇದು ಕುರ್ಚಿ ಕಾಲಿಗಿ ಬಡದು ಬಿತ್ತು."

ಆಗ ಕೋಣೆಯಲ್ಲಿ ನಗುತ್ತಿದ್ದವರು ನಿಲ್ಲಿಸಿದರು, ತಮ್ಮೊಬ್ಬರ ಹೊರತು. ಸರ್ಕಸ್ಸಿನ ಕರಡಿಗೂ ಆಟ ಮುಗಿದ ಮೇಲೆ ಏನಾದರೂ ತಿನ್ನಲು ಕೊಡುತ್ತಾರೆ. ತಾವು ನನ್ನ ಅರ್ಜಿಯ ಮೇಲೆ "ಅರ್ಜಿದಾರರು ಮೊದಲು ತಮ್ಮ ಕಿವಿಯ ತಪಾಸಣೆ ಮಾಡಿಸಿಕೊಳ್ಳತಕ್ಕದ್ದು" ಎಂದು ಬರೆದು ಸಹಿ ಮಾಡಿ ಕೊಟ್ಟಿರಿ. ಅಕ್ಷರಗಳು ದುಂಡಗಿವೆ. ಅಭಿನಂದನೆಗಳು.

ಆಜ್ಞೆಯನ್ನು ಪಾಲಿಸಿ ಬೀದರಿಗೆ ಹೋದೆ. ಕಿವಿಯ ವೈದ್ಯರಾದ ಮುಜೀಬೋದ್ದೀನರು ಪರೀಕ್ಷೆ ಮಾಡಿ, ಯಂತ್ರ ಬದಿಗಿಟ್ಟು, ನನ್ನ ಕಥೆಯನ್ನು ಪೂರ್ತಿ ಕೇಳಿದರು. "ಕಿವಿ ಬೇಷ್ ಅದಾವ್ರೀ," ಎಂದರು. "ಸಣ್ಣ ಸಪ್ಪಳ ಎಲ್ಲಾರ ಕಿವೀಗೂ ಬೀಳ್ತದ. ಅವರ ಮನಸ್ಸು ಅದನ್ನ ಹೊರಗ ಹಾಕ್ತದ, ನಿಮ್ದು ಹಾಕಂಗಿಲ್ಲ. ಇದು ಹುಚ್ಚಲ್ಲರೀ, ಸೊಕ್ಕೂ ಅಲ್ಲ. ಹಿಂತಾ ಮಂದಿ ಭಾಳ ಇದ್ದಾರ." ನಲವತ್ತು ವರ್ಷ ಕಾದ ಈ ಮಾತನ್ನು ಕೇಳಿ ನಾನು ಅವರ ಮುಂದೆಯೇ ಅತ್ತುಬಿಟ್ಟೆ. ಅದಕ್ಕಾಗಿ ತಮಗೆ ಋಣಿ. ಅವಮಾನ ಮಾಡಲೆಂದು ಕಳಿಸಿದ ಜಾಗದಲ್ಲಿ ನನಗೆ ಮಾನ ಸಿಕ್ಕಿತು. ಅವರು ಬರೆದುಕೊಟ್ಟದ್ದನ್ನು ಲಗತ್ತಿಸಿ ಎರಡನೆಯ ಅರ್ಜಿ ಕೊಟ್ಟೆ, ಮೂರನೆಯದು ಕೊಟ್ಟೆ, ನಾಲ್ಕನೆಯದು ಕೊಟ್ಟೆ. ತಾವು ಕಡತ ಮುಕ್ತಾಯಗೊಳಿಸಿದಿರಿ.

ಅಷ್ಟರಲ್ಲಿ ಧೊಂಡಿಬಾ ಕುರಿಗಳನ್ನು ಮಾರಿದ್ದ. ಪುಣೆಯಲ್ಲಿ ಕಟ್ಟಡದ ಕೆಲಸವಿದೆ ಎಂದು ಯಾರೋ ಹೇಳಿದ್ದರು. ಹೊರಡುವ ದಿನ ಮಧ್ಯಾಹ್ನ ಕಾಂತಾಬಾಯಿ ಒಂದೊಂದೇ ಪಾತ್ರೆಗೆ ಹಳೆಯ ಸೀರೆಯ ತುಂಡು ಸುತ್ತಿ ಚೀಲಕ್ಕೆ ಇಡುತ್ತಿದ್ದಳು. ಒಡೆಯುವಂಥವು ಯಾವುವೂ ಅದರಲ್ಲಿರಲಿಲ್ಲ, ಎಲ್ಲ ಸ್ಟೀಲು. ಅದು ಯಾರ ಕಿವಿಗಾಗಿ ಎಂದು ನನಗೆ ಗೊತ್ತಾಯಿತು.

"ನೀರು ಬಂದ್ರ ಫೋನ್ ಮಾಡು ಅಕ್ಕಾ, ಬರ್ತೇನಿ," ಎಂದು ಬಸ್ಸು ಹತ್ತಿದಳು.

ಮೊದಲ ಎರಡು ದಿನ ಸುಖವಾಗಿದ್ದೆ, ಸುಳ್ಳು ಹೇಳುವುದಿಲ್ಲ. ಒರಳಿಲ್ಲ, ಕುರಿಯಿಲ್ಲ, ಮಕ್ಕಳ ಕೂಗಿಲ್ಲ. ನಾನು ಹುಟ್ಟಿದಾಗಿನಿಂದ ಬೇಡಿದ ಮೌನವನ್ನು ತಾವು ಇಡೀ ಓಣಿ ಖಾಲಿ ಮಾಡಿಸಿ ಒದಗಿಸಿದ್ದಿರಿ. ಮೂರನೆಯ ದಿನ ತಾಟು ತೆಗೆದುಕೊಂಡು ಕಟ್ಟೆಗೆ ಬಂದವಳು ಪಕ್ಕದ ಮನೆಯ ಬೀಗ ನೋಡಿ ತಾಟನ್ನು ಹಾಗೆಯೇ ಒಳಗೆ ಒಯ್ದೆ. ಆ ಸುಖ ನೆನೆದು ನನ್ನ ಮೇಲೆ ನನಗೇ ಹೇಸಿಕೆಯಾಯಿತು.

ಮುಂದಿನ ಸಲ ನೀರು ಬಿಡುವ ದಿನ, ವಾಲ್ವ್ ತಿರುಗಿಸಿ ಬರುತ್ತಿದ್ದ ಸಲಾವೋದ್ದೀನರನ್ನು ದಾರಿಯಲ್ಲೇ ಹಿಡಿದೆ. ಇಪ್ಪತ್ತಾರು ವರ್ಷದಿಂದ ತಮ್ಮ ಕಚೇರಿಯಲ್ಲಿ ದಿನಗೂಲಿ ಮಾಡುವ ಮನುಷ್ಯ. ನಾನು ರಸ್ತೆಯ ಮೇಲೆ ಕೂತು, ಸಪ್ಪಳ ಎಲ್ಲಿ ಹೆಚ್ಚು ನೋಯಿಸುತ್ತದೋ ಅಲ್ಲಿ ಸುಣ್ಣದಿಂದ ಗುರುತು ಹಾಕಿದೆ. ಅವರು ಗುದ್ದಲಿ ಎತ್ತಿ ಒಂದು ಕ್ಷಣ ನಿಂತರು.

"ಬಾಯಿ, ಸಾಹೇಬ್ರು ಕೇಳಿದ್ರ ನಾ ಏನ್ ಹೇಳ್ಲಿ?"

"ಹುಚ್ಚಿ ತೋರ್ಸಿದ್ಳು ಅನ್ರಿ ಭಾಯಿ."

"ಅದನ್ನಂತೂ ಅವರು ನಂಬ್ತಾರ," ಎಂದು ನಕ್ಕು ಮೊದಲ ಏಟು ಹಾಕಿದರು.

ಡಾಂಬರಿನ ಮೇಲೆ ಬಿದ್ದ ಒಂದೊಂದು ಏಟೂ ನನ್ನ ತಲೆಬುರುಡೆಯಲ್ಲಿ ಬಿತ್ತು. ಎದ್ದು ಹೋದರೆ ಜಾಗ ತಪ್ಪುತ್ತದೆಂದು ಹಲ್ಲು ಕಚ್ಚಿ, ಕಣ್ಣಲ್ಲಿ ನೀರು ಸುರಿಸುತ್ತಾ ಎರಡು ತಾಸು ಅಲ್ಲೇ ಕೂತೆ. ಸೊಂಟದಾಳದಲ್ಲಿ ಪೈಪು ಸಿಕ್ಕಿತು, ಜೋಡಣೆಯ ಕಡೆ ಬೆರಳು ತೂರುವಷ್ಟು ಬಿರುಕು. ನಮ್ಮ ಓಣಿಯ ನೀರೆಲ್ಲ ಅಲ್ಲಿಂದ ನಿಜಾಮರ ಕಾಲದ ಕಲ್ಲಿನ ಗಟಾರಕ್ಕೆ ಇಳಿದು, ಯಾರಿಗೂ ಕಾಣದೆ ಹಳ್ಳ ಸೇರುತ್ತಿತ್ತು. "ಯಾ ಅಲ್ಲಾ," ಎಂದು ಸಲಾವೋದ್ದೀನರು ಗುದ್ದಲಿ ಬದಿಗಿಟ್ಟು ಆ ಬಿರುಕಿಗೆ ಅಂಗೈ ಒತ್ತಿ ಹಿಡಿದರು.

ಅವರು ಅದನ್ನು ಸರಿಪಡಿಸಿ ಮತ್ತೆ ವಾಲ್ವ್ ತಿರುಗಿಸಿದ ದಿನ, ಬೀಗ ಹಾಕಿದ ಮನೆಗಳ ಒಳಗೆಲ್ಲ ನೀರು ಬೀಳುವ ಸಪ್ಪಳ ಕೇಳಿಸಿತು. ನೀರು ಬಂದೀತೆಂದು ತಿರುಗಿಸಿ, ಬರದೆ, ಹಾಗೆಯೇ ಬಿಟ್ಟು ಹೋದ ನಲ್ಲಿಗಳು. ಕಾಂತಾಬಾಯಿಯ ಅಂಗಳದ ಗೋಡೆ ಹತ್ತಿ ಇಳಿದೆ. ಕುರಿ ಕಟ್ಟುತ್ತಿದ್ದ ಗೂಟಗಳ ನಡುವೆ ನೀರು ಹರಿದು ಬಾಗಿಲ ಕೆಳಗಿನಿಂದ ಓಣಿಗೆ ಹೋಗುತ್ತಿತ್ತು. ನಲ್ಲಿ ಮುಚ್ಚುವ ಮೊದಲು ಸ್ವಲ್ಪ ಹೊತ್ತು ಅದನ್ನು ಕೇಳುತ್ತಾ ನಿಂತೆ. ಹಾಗೆ ಪೋಲಾದ ಒಂದೆರಡು ಕೊಡ ನೀರಿಗಾಗಿ ತಾವು ನನಗೂ ನೋಟಿಸು ಕೊಡಬಹುದು.

ಅಲ್ಲಿಂದಲೇ ಪುಣೆಗೆ ಫೋನ್ ಮಾಡಿದೆ. ಕಾಂತಾಬಾಯಿಯ ಹಿಂದೆ ಕಲ್ಲು ಕೊರೆಯುವ ಯಂತ್ರ ಒದರುತ್ತಿತ್ತು.

"ನೀರು ಬಂತು ಕಾಂತಾ. ಬರ್ತೀ?"

"ಮಕ್ಕಳಿಗಿ ಇಲ್ಲೇ ಸಾಲೀಗಿ ಹಾಕೀವಿ ಅಕ್ಕಾ. ಕುರಿನೂ ಇಲ್ಲ, ಬಂದು ಏನ್ ಮಾಡ್ಲಿ?" ಆಮೇಲೆ, "ಫೋನ್ ಇಡು, ಈ ಮಷೀನಿನ ಸಪ್ಪಳ ನಿನಗ ತ್ರಾಸ ಆಗ್ತದ," ಎಂದಳು. ಆಗುತ್ತಿತ್ತು. ಅವಳೇ ಇಡುವವರೆಗೆ ನಾನು ಇಡಲಿಲ್ಲ.

ಇನ್ನು ತಮ್ಮ ಸಾಧನೆ. ಮೂರನೆಯ ದಿನ ತಾವು ಛಾಯಾಗ್ರಾಹಕನೊಡನೆ ಬಂದು, ಮುಚ್ಚಿದ್ದ ಗುಂಡಿಯನ್ನು ಮತ್ತೆ ತೆಗೆಸಿ, ಅದರ ಪಕ್ಕ ನಿಂತಿರಿ. ಅದೇ ಸಂಜೆ ಸಲಾವೋದ್ದೀನರಿಗೆ, ಅನುಮತಿಯಿಲ್ಲದೆ ಸಾರ್ವಜನಿಕ ರಸ್ತೆ ಅಗೆದ ಅಪರಾಧಕ್ಕಾಗಿ ನಾಳೆಯಿಂದ ಕೆಲಸಕ್ಕೆ ಬರಬಾರದೆಂದು ನೋಟಿಸು ಹೋಯಿತು. ಒಂದೇ ಗುಂಡಿಯಿಂದ ಒಬ್ಬರಿಗೆ ಹಾರವನ್ನೂ ಇನ್ನೊಬ್ಬರಿಗೆ ನೋಟಿಸನ್ನೂ ಹೊರತೆಗೆದ ಇಂಥ ಎಂಜಿನಿಯರಿಂಗ್ ವಿದ್ಯೆ ಎಲ್ಲರಿಗೂ ಒಲಿಯುವುದಲ್ಲ.

ಆದಕಾರಣ ನನ್ನ ಬೇಡಿಕೆಗಳನ್ನು ಮನ್ನಿಸಬೇಕು. ಪುಣೆ ನಗರವು ಕಾಂತಾಬಾಯಿಯನ್ನೂ, ಸಂತೆಯು ಇಪ್ಪತ್ತು ಕುರಿಗಳನ್ನೂ ಬಂದ ದಾರಿಯಲ್ಲೇ ಹಿಂದಿರುಗಿಸುವಂತೆ ತಾವು ಆದೇಶ ಹೊರಡಿಸಬೇಕು. ಹಳ್ಳಕ್ಕೆ ಹರಿದುಹೋದ ಎಂಟು ತಿಂಗಳ ನೀರಿಗೆ ಕೂಡಲೇ ಮರಳಿ ಪೈಪು ಸೇರಲು ಕಿವಿಮಾತು ಹೇಳಬೇಕು. ಇವು ತಮ್ಮಂಥವರಿಗೂ ಕಷ್ಟವೆನಿಸಿದರೆ, ಬಾಲ್‌ಪೆನ್ನಿನ ತುದಿಯನ್ನು ಒಂದೇ ಒಂದು ಸಲ ಒತ್ತಿ ಸಲಾವೋದ್ದೀನರ ನೋಟಿಸನ್ನು ರದ್ದು ಮಾಡಬೇಕು. ಆ ಒಂದು ಟಕ್ ಸಪ್ಪಳವನ್ನು ನಾನು ಸಹಿಸಿಕೊಳ್ಳುತ್ತೇನೆ.

ನಲ್ಲಿ ಬಂದರೂ ಬಾರದಿದ್ದರೂ ತಮ್ಮ ವಿಶ್ವಾಸಿ,
ಶಾಲುಬಾಯಿ, ದಫ್ತರಖಾನೆ, ಭಾಲ್ಕಿ

ತಾ.ಕ.: ಸೋಮವಾರ ಸಲಾವೋದ್ದೀನರ ಪರವಾಗಿ ಕೇಳಲು ಬಂದು ತಮ್ಮ ಕೋಣೆಯ ಹೊರಗೆ ಬೆಂಚಿನ ಮೇಲೆ ಕೂತಿದ್ದೆ. ತಾವು ಬಾಗಿಲು ಮುಚ್ಚಿಕೊಂಡು, ದನಿ ತಗ್ಗಿಸಿ, ಫೋನಿನಲ್ಲಿ ಯಾರಿಗೋ "ಹುಡುಕಿದಾಕಿ ಆ ದಫ್ತರಖಾನಿ ಹೆಂಗಸು ಅದ, ಆದ್ರ ಅಕೀ ಹೆಸ್ರು ಬರೀಲಕ ಬರ್ತದೇನ್ರೀ?" ಎಂದಿರಿ. ಬರುತ್ತದೆ ಸಾಹೇಬರೇ, ಬಹಳ ಸುಲಭ, ಶಾಲುಬಾಯಿ, ನಾಲ್ಕೇ ಅಕ್ಷರ. ತಾವು ಆಮೇಲೆ ಆಡಿದ, ಆ ಗುಂಡಿಯ ಬಿಲ್ಲು ಎಷ್ಟು, ಅದರಲ್ಲಿ ಯಾರ ಪಾಲೆಷ್ಟು ಎಂಬ ಹನ್ನೊಂದು ನಿಮಿಷದ ಮಾತನ್ನೂ ಅಲ್ಪವಿರಾಮ ಬಿಡದೆ ಬರೆದು ತಮ್ಮ ಮೇಲಧಿಕಾರಿಗಳಿಗೆ ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸಿದ್ದೇನೆ. ಮಾತಿನ ನಡುವೆ ತಾವು ಒಂದು ಹೆಸರು ಹೇಳುವಾಗ ಕೆಮ್ಮಿದಿರಿ, ಅದೊಂದು ಸರಿಯಾಗಿ ಕೇಳಿಸಲಿಲ್ಲ. ವಿಚಾರಣೆಗೆ ಕರೆದಾಗ ದಯವಿಟ್ಟು ಅವರಿಗೆ ಬಿಡಿಸಿ ಹೇಳಬೇಕು.