ಇವತ್ತಿನ ಮಟ್ಟಿಗೆ ಸಾಕು, ಸ್ವಾಮಿ

ಸಣ್ಣಪುಟ್ಟದ್ದಕ್ಕೆಲ್ಲ ದೇವರನ್ನು ಎಬ್ಬಿಸಿ ಕೂರಿಸುವುದರಲ್ಲಿ ನಮ್ಮ ಮನೆಯವರನ್ನು ಮೀರಿಸಿದವರು ದಾವಣಗೆರೆಯಲ್ಲಿ ಇದ್ದಿರಲಾರರು! ನಮ್ಮ ಪಾಲಿಗೆ ಎಲ್ಲವೂ ಸರಿಯಾಗಿದ್ದ ಕೊನೆಯ ದಿನ ಒಂದು ಶನಿವಾರ. ಆ ಬೆಳಿಗ್ಗೆ ಅವರು ಮೊಣಕಾಲೂರಿ ಕೇಳಿದ್ದು ಏನು ಗೊತ್ತೆ? ಸೈಕಲ್ಲಿಗೆ ಗಾಳಿ ನಿಲ್ಲಿಸುವ ಒಂದು ವಾಲ್‌ಟ್ಯೂಬು! "ಹಿಂದಿನ ಗಾಲಿಗೆ ಸ್ವಾಮಿ, ಮುಂದಿಂದು ಚೆನ್ನಾಗೈತೆ" ಎಂದು ವಿವರ ಬೇರೆ. ಎರಡು ಗಾಲಿಗೂ ಹಾಕುವುದು ಒಂದೇ ಥರದ ವಾಲ್‌ಟ್ಯೂಬು ಎಂದು ದೇವರಿಗೆ ಗೊತ್ತಿರಲಿಲ್ಲವೆ?

ಅವರದು ಹತ್ತಿ ಮಿಲ್ಲಿನಲ್ಲಿ ಕೆಲಸ. ಅಂಡಿಗೆಯ ಮೂಟೆ ಬಿಚ್ಚಿ, ಹತ್ತಿ ಬಿಡಿಸಿ, ಯಂತ್ರಕ್ಕೆ ಹಾಕುವುದು. ಸಂಜೆ ತಲೆ ಹುಬ್ಬು ಎಲ್ಲ ಬೆಳ್ಳಗಾಗಿ ಬರುತ್ತಿದ್ದರು. ಬಾಗಿಲಲ್ಲೇ ನಿಲ್ಲಿಸಿ ಟವೆಲಿನಿಂದ ಕೊಡವಿ ಒಳಗೆ ಬಿಟ್ಟುಕೊಳ್ಳುತ್ತಿದ್ದೆ. ಪ್ರಾರ್ಥನೆಯಲ್ಲಿ ಅವರದು ಒಂದೇ ನಿಯಮ. ಇವತ್ತಿಗೆ ಬೇಕಾದದ್ದನ್ನಷ್ಟೇ ಕೇಳಬೇಕು, ನಾಳೆಯದನ್ನು ಮುಟ್ಟಬಾರದು. ಅದನ್ನೂ ಮಿಲ್ಲಿನ ಯಂತ್ರದ ಸದ್ದಿಗೆ ಒಗ್ಗಿದ ಗಂಟಲಲ್ಲಿ ಕೂಗಿ ಕೇಳುತ್ತಿದ್ದರು.

ನಮ್ಮ ಮನೆಗೂ ಪಕ್ಕದ ಮಂಡಕ್ಕಿ ಭಟ್ಟಿಯವರ ಮನೆಗೂ ನಡುವೆ ಒಂದೇ ಗೋಡೆ. ಆ ಮನೆಯ ಹೆಂಗಸನ್ನು ನಾನು ಅವರ ಭಾಷೆಯಲ್ಲೇ ಅಕ್ಕ ಎಂದು, ಆಪಾ ಎನ್ನುತ್ತಿದ್ದೆ. ಇವರು "ಸ್ವಾಮಿ, ಬೇಳೆ ಮುಗಿದೈತೆ" ಎಂದು ಆಮೆನ್ ಹೇಳಿ ಏಳುವಷ್ಟರಲ್ಲಿ ಆಪಾ ಸೆರಗಿನಡಿ ಬಟ್ಟಲು ಹಿಡಿದು ಬಾಗಿಲಲ್ಲಿ ನಿಂತಿರುತ್ತಿದ್ದರು. ನಾನು ನಾಚಿಕೆಯಿಂದ ಸತ್ತೇಹೋಗುತ್ತಿದ್ದೆ.

"ರೀ, ಮೆತ್ತಗೆ ಕೇಳ್ರಿ! ಭಿಕ್ಷೆ ಬೇಡಿದಂಗೆ ಆಗ್ತೈತೆ."

"ನಾನೆಲ್ಲಿ ಆಪಾನ್ನ ಕೇಳಿದೆ? ಮ್ಯಾಲಿರೋನ್ನ ಕೇಳಿದ್ದು."

"ಗೋಡೆ ದಾಟಿ ಹೋಗ್ತೈತಲ್ರಿ!"

"ಗೋಡೆ ತೆಳ್ಳಗೆ ಕಟ್ಟಿಸಿದೋನು ಯಾರು ಅಂತೀಯ?"

ನೋಡಿ, ಮನೆ ಮಾಲೀಕನ ಜಿಪುಣತನವೂ ದೇವರ ಕೃಪೆಯಾಗಿಬಿಟ್ಟಿತು!

ನಿಜಲಿಂಗಪ್ಪ ಬಡಾವಣೆಯಲ್ಲಿ ಮನೆ ಕಟ್ಟಿಸಿದ್ದ ನನ್ನ ಅಣ್ಣ ಒಂದು ಕ್ರಿಸ್ಮಸ್ಸಿಗೆ ಲಾಟರಿ ಟಿಕೆಟ್ಟು ತಂದುಕೊಟ್ಟ. "ಹೆಂಗೂ ದಿನಾ ಕೇಳ್ತೀರಲ್ಲ ಭಾವ, ಇದನ್ನೂ ಒಂದು ಮಾತು ಕೇಳಿಬಿಡ್ರಿ" ಎಂದ. ಇವರು ಟಿಕೆಟ್ಟನ್ನು ತಿರುಗಿಸಿ ಮುರುಗಿಸಿ ನೋಡಿ, "ಬ್ಯಾಡ ಮಾರಾಯ. ಅಷ್ಟು ಬಂದ್ರೆ ಆಮೇಲೆ ನಾನು ಏನ್ ಕೇಳ್ಲಿ?" ಎಂದು ಅದನ್ನು ಬೈಬಲ್ಲಿನಲ್ಲಿ ಗುರುತಿಗೆ ಇಟ್ಟುಕೊಂಡರು. ಬಹುಮಾನ ಬಂತೋ ಇಲ್ಲವೋ ಎಂದು ಪೇಪರು ಸಹ ನೋಡಲಿಲ್ಲ. ನಾನು ನೋಡಿದೆ, ಕದ್ದು. ಬಂದಿರಲಿಲ್ಲ.

ಹರಿಹರದ ಚರ್ಚಿನ ಪ್ರಾರ್ಥನಾ ಕೂಟದಲ್ಲಂತೂ ಮಾನ ಹೋಯಿತು. ಒಬ್ಬರು ಲೋಕದ ಶಾಂತಿ ಬೇಡಿದರು, ಇನ್ನೊಬ್ಬರು ಪಾಪಿಗಳ ಮನಸ್ಸು ತಿರುಗಲಿ ಎಂದರು. ಇವರು ಎದ್ದು ನಿಂತು, "ಸ್ವಾಮಿ, ಸ್ಟೌಗೆ ಸೀಮೆಎಣ್ಣೆ ಇಲ್ಲ" ಎಂದರು! ಫಾದರ್ ನಗು ತಡೆದುಕೊಂಡು, "ಸ್ವಲ್ಪ ದೊಡ್ಡದು ಕೇಳಪ್ಪ" ಎಂದರೆ, ಇವರು ತುಸು ಯೋಚಿಸಿ, "ಹಂಗಾದ್ರೆ ಎರಡು ಲೀಟರ್ ಕೊಡು ಸ್ವಾಮಿ" ಎಂದರು.

ಇರಲಿ, ಆ ಶನಿವಾರಕ್ಕೆ ಬರುತ್ತೇನೆ. ವಾಲ್‌ಟ್ಯೂಬು ಸಂಜೆಯೊಳಗೆ ಬಂತು. ಯಾರು ಕೊಟ್ಟರೆಂದು ನಾನು ಕೇಳಲಿಲ್ಲ. ಮಾರನೆಯ ದಿನ ಚರ್ಚಿನ ಪೂಜೆಗೆಂದು ನನ್ನನ್ನು ಕ್ಯಾರಿಯರಿನಲ್ಲಿ ಕೂರಿಸಿಕೊಂಡು ಹರಿಹರಕ್ಕೆ ಹೊರಟರು. ಅರ್ಧ ದಾರಿಯಲ್ಲಿ ಸೈಕಲ್ಲು ನಿಂತಿತು. ಗಾಲಿಯಲ್ಲಿ ಗಾಳಿ ಗಟ್ಟಿಯಾಗಿತ್ತು. ಅವರ ಎದೆಯಲ್ಲಿ ಇರಲಿಲ್ಲ.

ಡಾಕ್ಟರು ಎದೆಯ ಫೋಟೋ ತೆಗೆಸಿ ನೋಡಿ, "ಹತ್ತಿ ಧೂಳು ಎದೆ ತುಂಬ ಕೂತೈತಮ್ಮ. ಬಾಳ ತಡ ಮಾಡಿದ್ರಿ" ಎಂದರು. ಕೊಡವುತ್ತಿದ್ದವಳು ನಾನೇ. ಮೇಲಿನದು ಮಾತ್ರ ಹೋಗುತ್ತಿತ್ತು.

ಮಿಲ್ಲು ಬಿಟ್ಟು ಮಲಗಿದ ಮೇಲೂ ಅವರ ನಿಯಮ ತಪ್ಪಲಿಲ್ಲ. "ಇವತ್ತಿಗೆ ಸಾಕಾಗೋವಷ್ಟು ಉಸಿರು ಕೊಡು ಸ್ವಾಮಿ" ಎನ್ನುತ್ತಿದ್ದರು. ನನಗೆ ಮೈಯೆಲ್ಲ ಉರಿಯಿತು.

"ಇವತ್ತಿಗೆ ಅಂತ ಯಾಕ ಕೇಳ್ತೀರಿ? ಇಪ್ಪತ್ತು ವರ್ಷ ಕೇಳ್ರಿ! ನಿಮ್ಮ ಬಾಯಿಗೇನು ಬಂದೈತೆ?"

"ನಾಳೆದು ನಾಳೆ ಕೇಳ್ತೀನಿ ಬಿಡೆ" ಎಂದು ಉಸಿರು ಎಳೆದುಕೊಂಡು, "ಎಲ್ಲ ಒಂದೇ ಸರ್ತಿ ಕೇಳಿಬಿಟ್ರೆ, ಬೆಳಿಗ್ಗೆ ಎದ್ದು ಅವನ ಜೊತಿಗೆ ಏನ್ ಮಾತಾಡ್ಲಿ?" ಎಂದರು.

ನಾನು ಒಲೆಯ ಮುಂದೆ ಕೂತು ಅವರಿಗೆ ಗೊತ್ತಾಗದಂತೆ ಇಪ್ಪತ್ತು ವರ್ಷ ಕೇಳಿದೆ. ಮಾರನೆಯ ವಾರ ಹತ್ತಕ್ಕೆ ಇಳಿದೆ. ಆಮೇಲೆ ಒಂದು.

ಅವರ ಧ್ವನಿ ಗೋಡೆಯವರೆಗೂ ಮುಟ್ಟದಾಯಿತು. ಒಂದು ದಿನ ಆಪಾ ಬರಿಗೈಲಿ ಬಂದು ಹೊಸ್ತಿಲಲ್ಲಿ ಕೂತರು. "ಭಾಯ್ ಏನೂ ಕೇಳ್ತಿಲ್ಲಲ್ಲಮ್ಮ. ಏನ್ ತರ್ಬೇಕೋ ನಂಗೆ ಗೊತ್ತಾಗಂಗಿಲ್ಲ" ಎಂದು ಅತ್ತರು.

ಎರಡೂವರೆ ತಿಂಗಳು ದಿನಕ್ಕೊಂದು ದಿನ ಸಿಕ್ಕಿತು. ಒಂದು ಗುರುವಾರ ಬೆಳಿಗ್ಗೆ ಗಂಜಿ ಹಿಡಿದು ಪಕ್ಕದಲ್ಲಿ ಕೂತೆ. ಮೊದಲು ಪ್ರಾರ್ಥನೆ ಎಂದು ಕಣ್ಣಿನಲ್ಲೇ ಹೇಳಿದರು. ನಾನು ಬಾಗಿ ಅವರ ಬಾಯಿಗೆ ಕಿವಿ ಕೊಟ್ಟೆ. ಎಂದಿನಂತೆ ಉಸಿರನ್ನೇ ಕೇಳುತ್ತಾರೆ ಎಂದುಕೊಂಡಿದ್ದೆ.

"ಸ್ವಾಮಿ, ಇವತ್ತು ಇವಳಿಗೆ..." ಎಂದರು.

ಅಲ್ಲಿಗೆ ನಿಂತಿತು. ಸ್ವಲ್ಪ ತಾಳು ಎನ್ನುವಂತೆ ಬೆರಳು ಎತ್ತಿದರು. ನಾನು ತಾಳಿದೆ. ಗಂಜಿ ಆರಿ ಕೆನೆ ಕಟ್ಟಿತು. ಬೆರಳು ಕೆಳಗಿಳಿಯಿತು.

ನನಗಾಗಿ ಏನು ಕೇಳಲು ಹೊರಟಿದ್ದರೆಂದು ಇಂದಿಗೂ ತಿಳಿದಿಲ್ಲ.