ಹೂಂ ಸಿಸ್ಟರಿನ ಹೊಟ್ಟೆನೋವು

ರಜೆಯ ನೆಪಕ್ಕೆ ಹೊಟ್ಟೆನೋವನ್ನು ಆರಿಸಿಕೊಂಡದ್ದೇ ತಪ್ಪಾಯಿತು. ಆದರೆ ತಲೆನೋವು ಎಂದರೆ ಒಂದು ಮಾತ್ರೆ ಕೊಟ್ಟು ಕೆಲಸಕ್ಕೆ ಕಳಿಸುತ್ತಾರೆ, ಜ್ವರ ಎಂದರೆ ಥರ್ಮಾಮೀಟರ್ ಚಾಡಿ ಹೇಳುತ್ತದೆ. ಹಾಸಿಗೆಯಲ್ಲಿ ಹೊರಳಾಡಿ ಹೊರಳಾಡಿ ಯೋಚಿಸಿದಾಗ ಅವಳಿಗೆ ಉಳಿದದ್ದು ಹೊಟ್ಟೆಯೊಂದೇ.

ವಾರ್ಡಿನಲ್ಲಿ ಎಲ್ಲರೂ ಅವಳನ್ನು ಹೂಂ ಸಿಸ್ಟರ್ ಎಂದು ಕರೆಯುತ್ತಿದ್ದರು. ಯಾರು ತಮ್ಮ ರಾತ್ರಿಪಾಳಿಯನ್ನು ತಂದು ತಲೆಗೆ ಕಟ್ಟಿದರೂ ಅವಳ ಬಾಯಿಂದ ಬರುತ್ತಿದ್ದುದು "ಹೂಂ" ಮಾತ್ರ. ಅವಳ ನಂತರ ಸೇರಿದವರು ಒಬ್ಬೊಬ್ಬರಾಗಿ ಮೇಲೇರಿದರು. ಅವಳು ಗೋಡೆ ಗಡಿಯಾರದ ಹಾಗೆ ನೇತಾಡುತ್ತ ಎಲ್ಲರಿಗೂ ಪಾಳಿ ಮುಗಿದ ಹೊತ್ತು ತೋರಿಸುತ್ತಿದ್ದಳು. ಈಗ ಸೇತುವೆಯಾಚೆಯ ಹೊಸ ಆಸ್ಪತ್ರೆಯಲ್ಲಿ ವಾರ್ಡ್ ಇನ್‌ಚಾರ್ಜ್ ಹುದ್ದೆ ಖಾಲಿಯಿತ್ತು. ಇವತ್ತು ಹನ್ನೆರಡಕ್ಕೆ ಇಂಟರ್‌ವ್ಯೂ. ಹೋದದ್ದು ಇಲ್ಲಿ ಗೊತ್ತಾಗಿ, ಕೆಲಸವೂ ಸಿಗದೆ ಹೋದರೆ ಮತ್ತೆ ಇದೇ ಮುಖಗಳ ನಡುವೆ ಹೇಗಿರುವುದು? ಆದ್ದರಿಂದ ಈ ಸುಳ್ಳು.

"ಅಕ್ಕಾ, ಹೊಟ್ಟೆ ನೋಯ್ತಿದೆ. ಮನೆಗೆ ಹೋಗ್ಲಾ?"

ಇನ್‌ಚಾರ್ಜ್ ಅಕ್ಕ ಕನ್ನಡಕದ ಮೇಲಿಂದ ನೋಡಿದರು. "ಒಂದು ದಿನಾನೂ ರಜೆ ಕೇಳಿದವಳಲ್ಲ ನೀನು. ಅಂದ್ರೆ ಇದು ಸಾಮಾನ್ಯ ನೋವಲ್ಲ. ಮಲಕ್ಕೋ ಇಲ್ಲಿ."

ಖಾಲಿ ಮಂಚದ ಮೇಲೆ ಕೆಡವಿ ಹೊಟ್ಟೆ ಒತ್ತಿದರು. "ಇಲ್ಲಿ ನೋಯುತ್ತಾ?"

"ಹೂಂ."

"ಬಲಗಡೆ, ಕೆಳಗೆ?"

"ಹೂಂ."

"ವಾಕರಿಕೆ?"

ಬೇಡ, ಬೇಡ ಎಂದು ಮನಸ್ಸು ಬಡಿದುಕೊಳ್ಳುತ್ತಿರುವಾಗಲೇ ನಾಲಿಗೆ ಹಳೆಯ ಅಭ್ಯಾಸದಂತೆ "ಹೂಂ" ಎಂದುಬಿಟ್ಟಿತು.

"ಅಪೆಂಡಿಕ್ಸ್," ಎಂದರು ಅಕ್ಕ.

ಬೇರೆ ಕಡೆ ಕೆಲಸ ಮಾಡುವವಳಾದರೆ "ಹುಷಾರು" ಎಂದು ಹೇಳಿ ಕಳಿಸುತ್ತಿದ್ದರೇನೋ. ನರ್ಸುಗಳ ನಡುವೆ ಹೊಟ್ಟೆ ಹಿಡಿದುಕೊಂಡವಳ ಗತಿ, ದರ್ಜಿಗಳ ನಡುವೆ ಹರಿದ ಅಂಗಿ ತೊಟ್ಟು ನಿಂತವನ ಗತಿ. ಒಬ್ಬಳು ರಕ್ತ ತೆಗೆದಳು, ಇನ್ನೊಬ್ಬಳು ಬಿ.ಪಿ. ನೋಡಿದಳು. ಸುದ್ದಿ ಬಿತ್ತರಿಸುವುದರಲ್ಲಿ ಎತ್ತಿದ ಕೈಯಾಗಿ ರೇಡಿಯೋ ಎಂದೇ ಹೆಸರಾದ ಸಹೋದ್ಯೋಗಿ ಡ್ರಿಪ್ಸ್ ಹಾಕಿ, ಹಾಗೇ ಮೂರು ವಾರ್ಡುಗಳಿಗೆ ವಿಷಯ ಮುಟ್ಟಿಸಿ ಬಂದಳು.

"ಸ್ವಲ್ಪ ನೀರು ಕೊಡೇ."

"ಆಪರೇಷನ್ ಆಗೋ ಹೊಟ್ಟೆಗೆ ನೀರಾ? ನರ್ಸಾಗಿ ನೀನೇ ಹೀಗಂದ್ರೆ ಹೇಗೆ?"

ಇನ್‌ಚಾರ್ಜ್ ಅಕ್ಕ ಕೈಚೀಲ ಎತ್ತಿಕೊಂಡರು. "ನಾನು ಬ್ಯಾಂಕಿಗೆ ಹೋಗಿಬರ್ತೀನಿ. ಇವಳು ಮಂಚ ಬಿಟ್ಟು ಇಳಿದ್ರೆ ನೀನೇ ಜವಾಬ್ದಾರಿ," ಎಂದು ರೇಡಿಯೋಗೆ ಹೇಳಿ ಹೊರಟರು.

ಹನ್ನೊಂದು ದಾಟಿತು. ರೇಡಿಯೋ ಅತ್ತ ತಿರುಗಿದ್ದೇ ತಡ, ಹೂಂ ಸಿಸ್ಟರ್ ತನ್ನ ಚೀಲ ಬಗಲಿಗೇರಿಸಿ, ಡ್ರಿಪ್ಸ್ ಬಾಟಲಿಯನ್ನು ಲಾಟೀನಿನಂತೆ ಎತ್ತಿ ಹಿಡಿದು, ಬೆಕ್ಕಿನ ಹೆಜ್ಜೆ ಇಟ್ಟಳು. ಪಕ್ಕದ ಮಂಚದಲ್ಲಿ ಕಾಲು ಮುರಿದು ಮಲಗಿದ್ದ ಅಜ್ಜಿ ಕಣ್ಣು ಬಿಟ್ಟರು.

"ಎಲ್ಲಿಗೆ ಮಗಳೇ?"

"ಬಾತ್‌ರೂಮಿಗೆ ಅಜ್ಜಿ."

"ಚೀಲ ತಗೊಂಡಾ?" ಅಜ್ಜಿ ತಲೆದಿಂಬಿನ ಬಳಿಯ ಗಂಟೆ ಒತ್ತಿದರು. "ನಾನು ಒತ್ತಿದಾಗೆಲ್ಲ ನೀನು ಓಡಿಬರ್ತಿದ್ದೆ ತಾಯಿ. ಇವತ್ತು ನಿನಗೋಸ್ಕರ ನಾನು ಇಷ್ಟೂ ಮಾಡದಿದ್ರೆ ಹೇಗೆ?"

ಗಾಲಿಕುರ್ಚಿ ಬಂತು. ಅವಳನ್ನು ಕೂರಿಸಿ ಸ್ಕ್ಯಾನಿಂಗಿಗೆ ತಳ್ಳಿಕೊಂಡು ಹೋದರು. ದಾರಿಯುದ್ದಕ್ಕೂ ಗೋಡೆ ಗಡಿಯಾರಗಳು ಒಂದಾದ ಮೇಲೊಂದು ಅವಳ ಮುಖ ನೋಡಿದವು.

"ಸ್ಕ್ಯಾನಲ್ಲಿ ಏನೂ ಕಾಣ್ತಿಲ್ಲ," ಎಂದ ಡ್ಯೂಟಿ ಡಾಕ್ಟರ್. ಹೊಸಬ, ಪುಸ್ತಕದ ಹಾಳೆಗಳ ವಾಸನೆ ಇನ್ನೂ ಹೋಗಿರಲಿಲ್ಲ.

"ಹಾಗಾದ್ರೆ ಹೋಗ್ಲಾ ಸರ್?"

"ಏನೂ ಕಾಣದೆ ಇಷ್ಟು ನೋವು ಅಂದ್ರೆ ಅದೇ ಯೋಚನೆ ಮಾಡೋ ವಿಷಯ."

ಅವಳು ಜನ್ಮದಲ್ಲಿ ಮೊದಲ ಸಲ ಧೈರ್ಯ ಒಟ್ಟುಮಾಡಿಕೊಂಡು, "ಸರ್, ನಿಜ ಹೇಳ್ಬೇಕು ಅಂದ್ರೆ ನೋವೇ ಇಲ್ಲ," ಎಂದಳು.

ಡಾಕ್ಟರನ ಮುಖ ಬಿಳುಚಿತು. "ಇದ್ದಕ್ಕಿದ್ದ ಹಾಗೆ ನಿಂತುಹೋಯ್ತಾ? ಅಪೆಂಡಿಕ್ಸ್ ಒಡೆದಾಗ ಹಾಗೇ ಆಗೋದು. ಥಿಯೇಟರ್ ರೆಡಿ ಮಾಡಿ ಅನ್ನಿ."

"ಇದೆ ಸರ್, ನೋವಿದೆ. ತುಂಬ ಇದೆ."

"ಹಾಗನ್ನಿ," ಎಂದು ಅವನು ಉಸಿರುಬಿಟ್ಟು, ಸಂಜೆಯವರೆಗೆ ಕಾದು ನೋಡೋಣವೆಂದ. ಅಷ್ಟರಲ್ಲಿ ಹನ್ನೆರಡೂ ಆಯಿತು, ಒಂದೂ ಆಯಿತು. ಅವಳು ಚಾವಣಿಯ ಫ್ಯಾನ್ ನೋಡುತ್ತ ಮಲಗಿದಳು.

ಎರಡರ ಸುಮಾರಿಗೆ ಇನ್‌ಚಾರ್ಜ್ ಅಕ್ಕ ಬಂದು ಮಂಚದ ತುದಿಯಲ್ಲಿ ಕೂತರು. ಮುಖ ಹೊಸ ಪಾತ್ರೆಯಂತೆ ಹೊಳೆಯುತ್ತಿತ್ತು. ತಗ್ಗಿದ ದನಿಯಲ್ಲಿ ಹೇಳಿದರು:

"ನೀನು ಬಾಯಿಬಿಡೋಳಲ್ಲ, ಅದಕ್ಕೆ ಹೇಳ್ತೀನಿ. ನಾನು ಬ್ಯಾಂಕಿಗೆ ಹೋಗಿರ್ಲಿಲ್ಲ ಕಣೆ. ಸೇತುವೆ ಆಚೆ ಆಸ್ಪತ್ರೇಲಿ ಇಂಟರ್‌ವ್ಯೂ ಇತ್ತು. ನನ್ನನ್ನೇ ತಗೊಂಡ್ರು. ಅವರಿಗೆ ಮನಸ್ಸಿದ್ದದ್ದು ಇನ್ಯಾರ ಮೇಲೋ ಅಂತೆ, ಆ ಮಹಾತಾಯಿ ಬರ್ಲೇ ಇಲ್ಲ. ಜವಾಬ್ದಾರಿ ಅನ್ನೋದೇ ಇಲ್ಲ ನೋಡು ಜನಕ್ಕೆ."

"ಹೂಂ," ಎಂದಳು ಹೂಂ ಸಿಸ್ಟರ್. ಆಮೇಲೆ ಮೊಣಕೈ ಊರಿ ಅರ್ಧ ಎದ್ದು, "ಹಾಗಾದ್ರೆ ಅಕ್ಕಾ, ಇಲ್ಲಿ ನಿಮ್ಮ ಜಾಗಕ್ಕೆ..."

"ಮೇಟ್ರನ್ ಒಬ್ರಿಗೆ ಮೊದಲೇ ಹೇಳಿ, ನನ್ನ ಜಾಗಕ್ಕೆ ನಿನ್ನ ಹೆಸರೇ ಕೊಟ್ಟಿದ್ದೆ. ಈಗ ಬರ್ತಾ ಅವರ ರೂಮಿಗೆ ಹೋಗಿ ಬೇಡ ಅಂದುಬಂದೆ. ಇಂಥ ಆರೋಗ್ಯ ಇಟ್ಕೊಂಡು ಆ ಓಡಾಟ ನಿನ್ನ ಕೈಲಾಗಲ್ಲಮ್ಮ. ರೇಡಿಯೋಗೆ ಕೊಡ್ತಾರೆ." ಅಕ್ಕ ಅವಳ ಹಣೆ ಸವರಿದರು. "ಈಗ ಹೇಗಿದೆ ನೋವು?"

"ಈಗ ಶುರುವಾಯ್ತು ಅಕ್ಕಾ."

ಇನ್‌ಚಾರ್ಜ್ ಅಕ್ಕ ತಲೆಯಾಡಿಸಿ, ರೇಡಿಯೋವನ್ನು ಕೂಗಿ ಇನ್ನೊಂದು ಬಾಟಲಿ ತರಲು ಹೇಳಿದರು.