ಕಂಬದ ಮೇಷ್ಟ್ರ ಪಂದ್ಯ

ಬೇಸ್‌ಬಾಲ್ ಕಲಿಸುವ ಮೇಷ್ಟ್ರಿಗೆ ಬಲಗೈ ಮೇಲೇಳುತ್ತಿರಲಿಲ್ಲ. ಎರಡು ತಿಂಗಳ ಹಿಂದೆ, ಹಾಸಿಗೆ ಹಿಡಿದ ಅಪ್ಪನನ್ನು ಬಚ್ಚಲಿಗೆ ಎತ್ತಿಕೊಂಡು ಹೋಗುವಾಗ ಹೆಗಲಲ್ಲಿ ಏನೋ ಲಟಕ್ ಎಂದಿತ್ತು. ಅಂದಿನಿಂದ ಚೆಂಡು ಎಸೆಯುವುದಿರಲಿ, ತಲೆ ಬಾಚಿಕೊಳ್ಳುವುದಕ್ಕೂ ಎಡಗೈಯೇ ಗತಿ. ಈ ಸಂಗತಿ ಹೆಂಡತಿಗೆ ಗೊತ್ತಿತ್ತು, ಶಾಲೆಗೆ ಗೊತ್ತಿರಲಿಲ್ಲ. ಗೊತ್ತಾದರೆ ಕೆಲಸ ಹೋಗುತ್ತದೆ. ಅದರ ಜೊತೆಗೆ ಮೈದಾನದ ಹಿಂದಿನ ಎರಡು ಕೋಣೆಯ ಶಾಲಾ ಮನೆಯೂ ಹೋಗುತ್ತದೆ. "ಇವರನ್ನ ಇನ್ನೊಂದು ಮನೆಗೆ ಸಾಗಿಸಿದ್ರೆ ದಾರಿಯಲ್ಲೇ ಮುಗೀತಾರೆ" ಎಂದು ಡಾಕ್ಟರು ಅಪ್ಪನ ಎದುರಿಗೇ ಹೇಳಿ ಹೋಗಿದ್ದರು.

ಹಾಗಾಗಿ ಮೇಷ್ಟ್ರು ಎಸೆತವೇ ಬೇಡದ ಅಭ್ಯಾಸಕ್ಕೆ ಮೊರೆ ಹೋದರು. ಸೊಂಟದೆತ್ತರದ ಒಂದು ರಬ್ಬರ್ ಕಂಬ, ಅದರ ನೆತ್ತಿಯ ಮೇಲೊಂದು ಚೆಂಡು. ಬ್ಯಾಟಿಂಗ್ ಕಲಿಯುವ ಎಳೆಯರಿಗೆ ಇದು ಮೊದಲ ಪಾಠ. ಎಲ್ಲ ಕಡೆ ಒಂದು ವಾರ ನಡೆಯುತ್ತದೆ. ಇಲ್ಲಿ ಎರಡು ತಿಂಗಳು ನಡೆಯಿತು. "ಕಣ್ಣು ಚೆಂಡಿನ ಮೇಲಿರಲಿ. ಅಲ್ಲಾಡ್ತಾ ಇದ್ರೆ ಹೊಡೀಬೇಡಿ, ನಿಂತ ಮೇಲೆ ಹೊಡೀರಿ" ಎಂದು ದಿನಕ್ಕೆ ನೂರು ಸಲ ಹೇಳಿದರು. ಮಕ್ಕಳು ಅವರಿಗೆ ಕಂಬದ ಮೇಷ್ಟ್ರು ಎಂದು ಹೆಸರಿಟ್ಟರು. ವಿಧೇಯ ಮಕ್ಕಳು, ಪಾಪ.

ಪಂದ್ಯದ ದಿನ ಬೆಳಿಗ್ಗೆ ಮುಖ್ಯೋಪಾಧ್ಯಾಯಿನಿ ಕಚೇರಿಗೆ ಕರೆದರು. "ಸೋತ್ರೆ ಬ್ಯಾಟಿಂಗ್ ಮೇಷ್ಟ್ರ ಹುದ್ದೆ ತೆಗೆದುಹಾಕ್ತೀವಿ ಅಂತ ಸಮಿತಿಯವರು ಕೂತಿದಾರೆ. ಗೆದ್ರೆ ಅವರ ಬಾಯಿ ಮುಚ್ಚಿಸೋದು ನನಗೆ ಬಿಡಿ" ಎಂದರು.

ಮೇಷ್ಟ್ರು ಮೈದಾನಕ್ಕೆ ಬರುವಷ್ಟರಲ್ಲಿ ವಿಜ್ಞಾನದ ಮೇಷ್ಟ್ರು ಅಲ್ಲಿ ಹಾಜರಿದ್ದರು. ಪರರ ಕೆಲಸ ಎಂದರೆ ಅವರಿಗೆ ಎಲ್ಲಿಲ್ಲದ ಉತ್ಸಾಹ.

"ಓಡಿ ಬರೋ ಚೆಂಡನ್ನ ಈ ಮಕ್ಕಳು ಯಾವತ್ತಾದ್ರೂ ಹೊಡ್ದಿದಾರೇನ್ರಿ?"

"ಅದು ಆಮೇಲಿನ ಪಾಠ."

"ಪಂದ್ಯ ಹನ್ನೊಂದು ಗಂಟೆಗೆ. ಆಮೇಲೆ ಅಂದ್ರೆ ಯಾವಾಗ?"

ಯುದ್ಧಕಾಲೇ ಶಸ್ತ್ರಾಭ್ಯಾಸ ಎನ್ನುತ್ತಾ ಅವರು ಅಂಗಿಯ ತೋಳು ಮಡಚಿ ಚೆಂಡು ಎಸೆದೇ ಬಿಟ್ಟರು. ತಂಡದ ನಾಯಕಿ ಬ್ಯಾಟು ಹಿಡಿದು ನಿಂತಿದ್ದಳು. ಚೆಂಡು ಪಕ್ಕದಲ್ಲೇ ಹಾದು ಹೋಗಿ, ಗೋಡೆಗೆ ಬಡಿದು, ಹುಲ್ಲಿನಲ್ಲಿ ಉರುಳಿ ನಿಂತಿತು. ಹುಡುಗಿ ನೆಟ್ಟ ಕಣ್ಣು ತೆಗೆಯದೆ ಅಲ್ಲಿಯ ತನಕ ನಡೆದು, ಬಗ್ಗಿ ಅದನ್ನು ಹೊಡೆದಳು.

"ಈಗ ನಿಂತಿತು ಸರ್" ಎಂದಳು.

"ನಿಮಗೆ ಎಸೆಯೋಕೇ ಬರಲ್ಲ, ಪಕ್ಕಕ್ಕೆ ಸರೀರಿ" ಎಂದು ಶಾಲೆಯ ಗುಮಾಸ್ತ ಮುಂದೆ ಬಂದ. ಇಡೀ ಜನ್ಮದಲ್ಲಿ ಅವನು ಎಸೆದದ್ದು ಕಸದ ಬುಟ್ಟಿಗೆ ಕಾಗದ ಮಾತ್ರ. ಅವನ ಚೆಂಡು ನೇರ ಬಂದು ಕಂಬದ ಮೇಷ್ಟ್ರ ಬಲ ಹೆಗಲಿಗೆ ಬಡಿಯಿತು. ಮೇಷ್ಟ್ರು ಕೂಗಿದ ಕೂಗಿಗೆ ಮರದ ಮೇಲಿನ ಕಾಗೆಗಳು ಹಾರಿಹೋದವು.

"ಕೈಗೇನಾದ್ರೂ ಆಯ್ತಾ?" ಗುಮಾಸ್ತ ಕೇಳಿದ.

"ಇಲ್ಲಪ್ಪ. ಒಳ್ಳೇ ಎಸೆತ ಅಂತ ಖುಷಿಯಾಯ್ತು" ಎಂದರು ಮೇಷ್ಟ್ರು. ಕಣ್ಣಲ್ಲಿ ನೀರಿತ್ತು.

ಹನ್ನೊಂದಕ್ಕೆ ಎದುರಾಳಿ ಶಾಲೆಯವರು ಬಂದರು. ಅವರ ಎಸೆತಗಾರ ಉದ್ದನೆಯ ಹುಡುಗ. ಚೆಂಡು ಬಿಟ್ಟರೆ ಗುಂಡು ಹೊಡೆದಂತೆ ಬರುತ್ತಿತ್ತು. ಕಂಬದ ಮೇಷ್ಟ್ರ ಮಕ್ಕಳು ಒಬ್ಬೊಬ್ಬರಾಗಿ ಹೋಗಿ, ಚೆಂಡು ನಿಲ್ಲಲಿ ಎಂದು ಕಾಯ್ದು, ಬ್ಯಾಟು ಬೀಸದೆ ಮೂರು ನೇರ ಎಸೆತ ಬಿಟ್ಟುಕೊಟ್ಟು ಔಟಾಗಿ ವಾಪಸು ಬಂದರು. ಎದುರಾಳಿಗಳು ಐದು ಓಟ ಮಾಡಿ ಮುಗಿಸಿದರು. ಇವರದು ಸೊನ್ನೆ, ಬ್ಯಾಟು ಹಿಡಿಯಲು ಇಡೀ ತಂಡಕ್ಕೆ ಉಳಿದದ್ದು ಒಂದೇ ಸರದಿ. ಮೇಷ್ಟ್ರು ಬೆಂಚಿನ ಮೇಲೆ ಕೂತು, ಅಪ್ಪನನ್ನು ಯಾವ ಗಾಡಿಯಲ್ಲಿ, ಯಾವ ಊರಿಗೆ ಸಾಗಿಸುವುದೆಂದು ಯೋಚಿಸುತ್ತಿದ್ದರು.

ಆಗ ಆ ಉದ್ದನೆಯ ಹುಡುಗನಿಗೆ ಏನೋ ಆಯಿತು. ಎದುರಿಗೆ ನಿಂತವರು ಬ್ಯಾಟು ಬೀಸುವುದಿಲ್ಲ, ಹೆದರುವುದಿಲ್ಲ, ರೆಪ್ಪೆ ಕೂಡ ಬಡಿಯದೆ ಅವನ ಕೈಯಲ್ಲಿರುವ ಚೆಂಡನ್ನೇ ನೋಡುತ್ತಾರೆ. ಹೆಣ ನೋಡಲು ಬಂದವರ ಹಾಗೆ ನೋಡುತ್ತಾರೆ. ಹುಡುಗನ ಗುರಿ ಕೆಟ್ಟಿತು. ಚೆಂಡು ಆಚೆ ಹೋಯಿತು, ಮತ್ತೊಂದು ನೆಲಕ್ಕೆ ಬಿತ್ತು, ಇನ್ನೊಂದು ಅಂಪೈರನ ಟೋಪಿ ಹಾರಿಸಿತು. ನಾಲ್ಕು ಎಸೆತ ದಾರಿ ತಪ್ಪಿದರೆ ಹೊಡೆಯಲು ನಿಂತವರು ಪುಕ್ಕಟೆ ಮೊದಲ ನೆಲೆಗೆ ನಡೆಯಬಹುದೆಂಬುದು ಆಟದ ನಿಯಮ. ಹಿಂದಿನವರು ಬಂದರೆ ಮುಂದಿನವರು ಜರುಗಬೇಕು. ಹಾಗೆ ಜರುಗುತ್ತಾ ಮೂರು ನೆಲೆ ದಾಟಿ, ಬ್ಯಾಟು ಹಿಡಿದು ನಿಂತಿದ್ದ ಜಾಗ ಅಂದರೆ 'ಮನೆ' ಮುಟ್ಟಿದರೆ ಒಂದು ಓಟ. ಮಕ್ಕಳು ಪಡಿತರಕ್ಕೆ ಸಾಲು ನಿಂತವರಂತೆ ಒಬ್ಬರ ಹಿಂದೊಬ್ಬರು ನಡೆಯತೊಡಗಿದರು. ಒಂದು ಓಟ, ಎರಡು, ನಾಲ್ಕು. ಹುಡುಗ ಅಳತೊಡಗಿದ. ಅವನ ಬದಲಿಗೆ ಬಂದವನಿಗೆ ಎಸೆಯಲು ಮೊದಲೇ ಬರುತ್ತಿರಲಿಲ್ಲ. ಆರನೆಯ ಓಟಕ್ಕೆ ನಾಯಕಿ ಕೈ ಬೀಸುತ್ತಾ ಮನೆಗೆ ನಡೆದು ಬಂದಾಗ ಪಂದ್ಯ ಮುಗಿಯಿತು.

ಬೀಸುವ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯುಷ್ಯವಂತೆ. ಮೇಷ್ಟ್ರಿಗೆ ಸಾವಿರ ಬೇಕಿರಲಿಲ್ಲ, ಅಪ್ಪನ ಕಾಲ ಮುಗಿಯುವ ತನಕ ಸಿಕ್ಕರೆ ಸಾಕಿತ್ತು. ಎರಡು ತಿಂಗಳಲ್ಲಿ ಮೊದಲ ಸಲ ಅವರು ಮನಸಾರೆ ನಕ್ಕರು.

ಸಂಜೆ ಮುಖ್ಯೋಪಾಧ್ಯಾಯಿನಿ ಮತ್ತೆ ಕರೆದರು. ಮೇಜಿನ ಮೇಲೆ ಪಂದ್ಯದ ಲೆಕ್ಕದ ಹಾಳೆ ಇತ್ತು. ಆಕೆ ಬಹಳ ಹೊತ್ತು ಕನ್ನಡಕ ಒರೆಸಿದರು.

"ಒಳ್ಳೇ ಗೆಲುವು. ಸಮಿತಿಯವರಿಗೂ ಭಾರಿ ಸಂತೋಷ. ಆದ್ರೆ ಈ ಹಾಳೆ ನೋಡಿದಾರೆ. ಇಡೀ ಪಂದ್ಯದಲ್ಲಿ ನಮ್ಮ ಮಕ್ಕಳ ಬ್ಯಾಟು ಚೆಂಡಿಗೆ ಒಂದು ಸಲಾನೂ ತಾಗಿಲ್ಲ."

"ಗೆದ್ವಲ್ಲ ಮೇಡಂ."

"ಅದೇ ಅವರ ಮಾತು. ಬ್ಯಾಟು ಬೀಸದೇನೇ ಗೆಲ್ಲೋ ಮಕ್ಕಳಿಗೆ ಬ್ಯಾಟಿಂಗ್ ಕಲಿಸೋಕೆ ಒಬ್ಬ ಮೇಷ್ಟ್ರು ಯಾಕೆ ಅಂತ ಕೇಳಿದ್ರು. ನನ್ನ ಹತ್ರ ಉತ್ತರ ಇರಲಿಲ್ಲ." ಒಂದು ಪತ್ರವನ್ನು ಮುಂದೆ ಸರಿಸಿದರು. "ಮನೆ ಬಿಡೋಕೆ ಒಂದು ವಾರ ಇದೆ. ಸಾಮಾನು ಹೊರೋಕೆ ತಂಡದ ಮಕ್ಕಳನ್ನ ಕಳಿಸ್ತೀನಿ."

ಮೇಷ್ಟ್ರು ಮನೆಗೆ ಬಂದಾಗ ಅಪ್ಪ ಎಚ್ಚರವಾಗಿದ್ದರು. ಮೈದಾನದ ಗದ್ದಲ ಕಿಟಕಿಯಿಂದ ಕೇಳಿಸಿಕೊಂಡಿದ್ದರು.

"ಗೆದ್ಯೇನೋ?"

"ಗೆದ್ದೆ ಅಪ್ಪ."

"ಹಂಗಾದ್ರೆ ಇಲ್ಲೇ ನೆಮ್ಮದಿಯಾಗಿ ಸಾಯ್ತೀನಿ ಬಿಡು" ಎಂದರು ಅಪ್ಪ, ಮತ್ತು ಗೋಡೆಯ ಕಡೆ ಹೊರಳಿದರು.

ಹೆಂಡತಿ ಗಂಡನ ಮುಖವನ್ನೊಮ್ಮೆ ನೋಡಿದಳು. ಮಾವನಿಗೆ ಸದ್ದು ಕೇಳಿಸದಂತೆ ಮಂಚದ ಕೆಳಗಿನ ಟ್ರಂಕನ್ನು ಹೊರಗೆಳೆದಳು.